ಫೋಟೋ ನೋಡಿ ಹೇಳುವ ಕಂಪ್ಯೂಟರೂ ಠಾಕುರ್ಲಿಯ ಭಟ್ರೂ

ನಾನು ಮೊದಲ ಸಲ ಓಡಿಹೋದದ್ದು ಒಂದು ಸೋಮವಾರ. ಏಳನೇ ಕ್ಲಾಸಿನ ಗಣಿತ ಪರೀಕ್ಷೆಗೆ ಅಂತ ಮನೆಯಿಂದ ಹೊರಟವನು ವಿಜಯಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಆಮೇಲೆ ಅಂಬರನಾಥದ ಕಾರ್ಖಾನೆಯಿಂದ ಓಡಿದೆ, ನವಿ ಮುಂಬಯಿಯ ಗೋದಾಮಿನಿಂದಲೂ ಓಡಿದೆ, ಈಗ ಡೊಂಬಿವ್ಲಿಯ ಒಂದು ಆಸ್ಪತ್ರೆಯ ಸ್ಕ್ಯಾನ್ ಕೋಣೆ. ಪೇಶಂಟನ್ನು ಮಲಗಿಸುವುದು, ಎಬ್ಬಿಸುವುದು ನನ್ನ ಕೆಲಸ. ಕೆಲಸ ಬದಲಾದರೂ ನಗಿಸುವವರು ಮಾತ್ರ ಹೋದಲ್ಲೆಲ್ಲ ಸಿಗುತ್ತಾರೆ. ಈ ಸಲ ಸಿಕ್ಕವರು ಠಾಕುರ್ಲಿಯ ಹೋಟೆಲೊಂದರಲ್ಲಿ ಅಡುಗೆ ಮಾಡುವ, ಉಡುಪಿ ಕಡೆಯ ಭಟ್ರು. ಅವರ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಅಂತ ಅನುಮಾನ.

೧. ಉಸಿರು

ಉಸಿರು ಹಿಡಿಯಿರಿ ಅಂತ ಯಂತ್ರವೇ ಹೇಳುತ್ತದೆ, ಆದರೆ ಹಿಂದಿಯಲ್ಲಿ. ಭಟ್ರಿಗೆ ಬರುವುದು ಹೋಟೆಲಿಗೆ ಬೇಕಾದಷ್ಟೇ ಹಿಂದಿ. ನಾನೇ ಹೇಳಿದೆ: "ಭಟ್ರ, ನಾ ಕೈ ಎತ್ತಿದ ಕೂಡ್ಲೆ ಉಸಿರು ಹಿಡೀರಿ. ಇಳಸೂ ತನಕ ಬಿಡಬ್ಯಾಡ್ರಿ. ಆಗ್ತದಲ್ರೀ?"

"ಎಂತ ಕೇಳ್ತೀಯ ಮಾರಾಯ? ಮೊದಲು ಇಪ್ಪತ್ತು ವರ್ಷ ಬೆಳಗ್ಗಿನ ಲೋಕಲ್ ರೈಲಿನ ರಶ್ಶಿನಲ್ಲಿ ಠಾಣೆಯ ಹೋಟೆಲಿಗೆ ಹೋದವ ನಾನು. ಡೊಂಬಿವ್ಲಿಯಲ್ಲಿ ಹಿಡಿದ ಉಸಿರು ಬಿಡ್ಲಿಕ್ಕೆ ಜಾಗ ಸಿಗುವುದು ಠಾಣೆಯಲ್ಲಿಯೇ."

೨. ಫೋಟೋ

ನಮ್ಮಲ್ಲಿ ಹೊಸದಾಗಿ ಒಂದು ಕಂಪ್ಯೂಟರ್ ಪ್ರೋಗ್ರಾಂ ತಂದು ನೋಡುತ್ತಿದ್ದಾರೆ. ಅದು ಸ್ಕ್ಯಾನ್ ಚಿತ್ರ ನೋಡಿ, ಗಡ್ಡೆಯ ಜೀನಿನಲ್ಲಿ ಒಂದು ಬದಲಾವಣೆಯ ಗುರುತು ಇದೆಯೋ ಇಲ್ಲವೋ ಅಂತ ಊಹಿಸುತ್ತದೆ. ಆ ಗುರುತು ಇದ್ದರೆ ಕಿಮೋ ಬದಲು ಬರೀ ಮಾತ್ರೆಯಲ್ಲೇ ಶುರು ಮಾಡಬಹುದಂತೆ. ಭಟ್ರ ಚಿತ್ರಕ್ಕೆ ಅದು 'ಇರಬಹುದು' ಅಂದಿತು. ಆದರೆ ಊಹೆ ನಂಬಿ ಮಾತ್ರೆ ಕೊಡುವುದಿಲ್ಲ, ಸೂಜಿ ಹಾಕಿ ಚೂರು ತೆಗೆದು ಲ್ಯಾಬಿಗೆ ಕಳಿಸಲೇಬೇಕು ಅಂದರು ಡಾಕ್ಟರ್ ಮೇಡಂ. ಅವರ ಮರಾಠಿಯನ್ನು ನಾನು ಕನ್ನಡ ಮಾಡಿದೆ.

ಸೂಜಿ ಅಂದದ್ದೇ ಭಟ್ರು ಚಪ್ಪಲಿ ಹುಡುಕತೊಡಗಿದರು. "ಫೋಟೋ ನೋಡಿ ಹೇಳಿ ಆಯ್ತಲ್ಲ, ಮತ್ತೆಂತಕ್ಕೆ ಸೂಜಿ? ನನ್ನ ಮದುವೆಯೂ ಫೋಟೋ ನೋಡಿಯೇ ಆದದ್ದು."

ಪಕ್ಕದಲ್ಲಿದ್ದ ಅವರ ಹೆಂಡತಿ ತಲೆ ಎತ್ತದೆ ಹೇಳಿದರು: "ಫೋಟೋದಲ್ಲಿ ತಲೆ ತುಂಬ ಕೂದಲಿತ್ತು. ಸುಮ್ಮನೆ ಸೂಜಿ ಹಾಕಿಸಿಕೊಳ್ಳಿ."

೩. ಸೂಜಿ

ಭಟ್ರು ಕಂಬದ ಹಾಗೆ ಮಲಗಿದ್ದರು. ಮೇಡಂ ನನ್ನಿಂದ ಎರಡು ಸಲ ನೋವಾಗ್ತದಾ ಅಂತ ಕೇಳಿಸಿದರು. ಎಲ್ಲ ಮುಗಿದ ಮೇಲೇ ಭಟ್ರು ಬಾಯಿ ಬಿಟ್ಟರು: "ಅಲುಗಾಡಬೇಡಿ, ಮಾತಾಡಬೇಡಿ ಅಂತೀರಿ. ನೋವಾದ್ರೆ ಹೇಳಿ ಅಂತಲೂ ಹೇಳ್ತೀರಿ. ಮೊದಲು ನೀವು ನೀವು ಕೂತು ಮಾತಾಡಿ ಬನ್ನಿ."

೪. ಪರ್ಮನೆಂಟ್

ಮೂರು ವಾರಕ್ಕೆ ಲ್ಯಾಬಿನ ರಿಪೋರ್ಟ್ ಬಂತು. ಕ್ಯಾನ್ಸರ್ ಹೌದು, ಆದರೆ ಆ ಗುರುತೂ ಇದೆ. ಮಾತ್ರೆ ಸಿಕ್ಕಿತು. ಭಟ್ರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಡಂ ಖುಷಿಯಲ್ಲಿ ನನ್ನ ಕಡೆ ತಿರುಗಿ, "ಕನ್ನಡದ ಪೇಶಂಟುಗಳಿಗೆ ನಮ್ಮ ಮಾತು ತಿಳಿಸೋಕೆ ನಿನ್ನಂಥವನು ಬೇಕು. ಮುಂದಿನ ತಿಂಗಳಿಂದ ನೀನು ಪರ್ಮನೆಂಟ್" ಅಂದರು.

ನಾನು ತಲೆಯಾಡಿಸಿ ಹೊರಗೆ ಬಂದೆ. ಸ್ಕ್ಯಾನ್ ಕೋಣೆಯ ಹಿಂದೆ ನಾನು ಮಲಗುವ ಜಾಗದಲ್ಲಿ ಎರಡು ಅಂಗಿ, ಒಂದು ಟವೆಲ್ ಬ್ಯಾಗಿಗೆ ತುರುಕುತ್ತಿದ್ದಾಗ ಮಾತ್ರೆಯ ಚೀಲ ಹಿಡಿದು ಭಟ್ರು ಬಂದರು.

"ಎಲ್ಲಿಗೆ?"

"ಬದಲಾಪುರದ ಆಚೆ ಎಲ್ಲ್ಯರೆ ನೋಡೂಣಂತ."

"ಯಾಕೆ, ಮೇಡಂ ಬೈದರಾ?"

"ಇಲ್ರೀ. ಪರ್ಮನೆಂಟ್ ಮಾಡ್ತಾರಂತ."

ಭಟ್ರು ನನ್ನ ಮುಖವನ್ನೇ ನೋಡಿದರು. "ಕ್ಯಾನ್ಸರ್ ಅಂದಾಗ ನಾನೂ ಇಷ್ಟು ಬಿಳುಚಿರಲಿಲ್ಲ ಮಾರಾಯ. ಕೂತ್ಕೋ, ನೀರು ತರ್ತೇನೆ."