ಭಾವ ಸಾರಿದ ಕೊಲೆ

ದಾವಣಗೆರೆಯಲ್ಲಿ ಒಂದು ಕೊಲೆ ಆಗಲಿದೆ ಎಂದು ದಿನಗಟ್ಟಲೆ ಮೊದಲೇ ಗೋಡೆಗೋಡೆಗೂ ಅಂಟಿಸಿ, ಸಾಲದ್ದಕ್ಕೆ ಹರಿಹರಕ್ಕೂ ಹೋಗಿ ಕೂಗಿ ಬಂದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಭಾವ. ಪೊಲೀಸರು ಅವರ ಕೂದಲನ್ನೂ ಮುಟ್ಟಲಿಲ್ಲ. ಹುಡುಕಿಕೊಂಡು ಬಂದದ್ದು ನನ್ನನ್ನು! ನ್ಯಾಯ ಎಲ್ಲಿದೆ ಹೇಳಿ? ಇಷ್ಟು ವರ್ಷ ಕಳೆದ ಮೇಲೂ 'ಪ್ರಚಾರ' ಎನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಬೆನ್ನು ನೋಯುತ್ತದೆ, ಬೆರಳು ಸೆಟೆಯುತ್ತದೆ, ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಸುಬು ಮಂಡಕ್ಕಿ ಭಟ್ಟಿ. ಹುಚ್ಚು ನಾಟಕ. ಬಣ್ಣ ಹಚ್ಚುವ ಹುಚ್ಚಲ್ಲ, ಹಾಡುವ ಹುಚ್ಚೂ ಅಲ್ಲ. ಊರಿಗೆ ಯಾವ ಕಂಪನಿ ಬಂದರೂ ಅದರ ಪ್ರಚಾರವನ್ನು ತಾವೇ ಮೈಮೇಲೆ ಎಳೆದುಕೊಳ್ಳುವ ಹುಚ್ಚು. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ವಾಸ ಅಕ್ಕನ ಮನೆಯಲ್ಲೇ. ಭಾವನ ಲೆಕ್ಕದಲ್ಲಿ ಕನ್ನಡ ಮೇಷ್ಟ್ರು ಎಂದರೆ ಪುಕ್ಕಟೆ ಅಕ್ಷರ ಬರೆಯಲೆಂದೇ ದೇವರು ಹುಟ್ಟಿಸಿದ ಪ್ರಾಣಿ.

ಆ ಸಲ ಬಂದಿದ್ದ ಕಂಪನಿಯ ಸ್ಥಿತಿ ಚೆನ್ನಾಗಿರಲಿಲ್ಲ. ಜನರೆಲ್ಲ ಸಿನಿಮಾ ಟಾಕೀಸಿನ ಕಡೆ ಹರಿಯುತ್ತಿದ್ದರು. ಪುರಾಣದ ನಾಟಕಕ್ಕೆ ಮುಂದಿನ ಸಾಲಿನ ಬೆಂಚುಗಳೂ ತುಂಬುತ್ತಿರಲಿಲ್ಲ. ಈ ಕ್ಯಾಂಪೂ ಬಿದ್ದುಹೋದರೆ ಪರದೆ ಮಡಚಿ ಎಲ್ಲರನ್ನೂ ಅವರವರ ಊರಿಗೆ ಕಳಿಸುವುದೇ ಗತಿ ಎಂದು ಮಾಲೀಕರು ಅಕ್ಕನ ಮನೆಯ ಪಡಸಾಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಭಾವ ತೊಡೆ ತಟ್ಟಿದರು.

"ಮಾಲೀಕ್ರೇ, ಕಾಲೇಜು ಹುಡುಗ್ರು ಏನು ಓದ್ತಾರೆ ಹೇಳ್ರಿ?"

"ಪಾಠ ಓದ್ತಾರೆ."

"ಪಾಠದ ಬುಕ್ಕಿನೊಳಗೆ ಪತ್ತೇದಾರಿ ಕಾದಂಬರಿ ಇಟ್ಕಂಡು ಓದ್ತಾರೆ! ಅವ್ರಿಗೆ ರಾಮ ಬ್ಯಾಡ, ಭೀಮ ಬ್ಯಾಡ. ಒಂದು ಕೊಲೆ ಕೊಡ್ರಿ. ಹುಡುಗ್ರನ್ನ ಕರ್ಕಂಡು ಬರೋದು ನನ್ನ ಕೆಲ್ಸ."

ಹೀಗೆ ನಮ್ಮ ಪಡಸಾಲೆಯಲ್ಲಿ ಕೊಲೆಯ ಸಂಚು ಶುರುವಾಯಿತು. ದಿನಾ ಸಂಜೆ ಸಭೆ. ಚಾಕು ಎಲ್ಲಿ ಚುಚ್ಚಬೇಕು, ಕೊಂದವನು ಯಾವ ಬಾಗಿಲಿಂದ ಓಡಬೇಕು, ಪ್ರಚಾರ ಹೇಗಿರಬೇಕು ಎಂದು ಗಟ್ಟಿ ದನಿಯಲ್ಲಿ ಚರ್ಚೆ. ಪಕ್ಕದ ಮನೆಯವರು ನಮ್ಮ ಕಡೆಯ ಕಿಟಕಿ ಮುಚ್ಚಿಕೊಳ್ಳತೊಡಗಿದರು. ಅಕ್ಕ ಮಾತ್ರ ತಟ್ಟೆಯಲ್ಲಿ ಲೋಟಗಳನ್ನು ಜೋಡಿಸುತ್ತಾ, "ಮದುವಿ ಆಗ್ಲಿ, ಕೊಲೆ ಆಗ್ಲಿ, ಚಾ ಕುದಿಸೋಳು ನಾನೇ" ಎಂದು ನಿಟ್ಟುಸಿರಿಡುತ್ತಿದ್ದಳು.

ಮೊದಲ ಹಂತ ಗೋಡೆಚೀಟಿ. ನಾಟಕದ ಹೆಸರು ಇನ್ನೂ ನಿಶ್ಚಯವಾಗಿರಲಿಲ್ಲ. ಭಾವನಿಗೆ ಅದರ ಅಗತ್ಯವೂ ಕಾಣಲಿಲ್ಲ. "ಬರೀ 'ಕೊಂದವರು ಯಾರು?' ಅಂತ ಬರೀರಿ ಮೇಷ್ಟ್ರೇ. ಮ್ಯಾಲೆ ಏನೂ ಬ್ಯಾಡ, ಕೆಳಗೂ ಏನೂ ಬ್ಯಾಡ. ಅಚ್ಚು ಹಾಕಿಸಿದ್ರೆ ಜನ ನಂಬಲ್ಲ. ಕೈಬರಹ ಅಂದ್ರೆ ಎದಿ ಝಲ್ ಅಂತತೆ."

ಝಲ್ ಎಂದದ್ದು ನನ್ನ ಮಣಿಕಟ್ಟು. ಬೇಸಗೆಯ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವುದು ಬಿಟ್ಟು, ಕೊಂದವರು ಯಾರು, ಕೊಂದವರು ಯಾರು ಎಂದು ಬರೆದೂ ಬರೆದೂ ಕೊನೆಗೆ ಕೊಂದವನು ನಾನೇ ಇರಬೇಕು ಎನ್ನಿಸತೊಡಗಿತು. ಭಾವ ಅವನ್ನು ಬಸ್ ಸ್ಟ್ಯಾಂಡಿಗೆ ಅಂಟಿಸಿದರು, ಕಾಲೇಜಿನ ಕಾಂಪೌಂಡಿಗೆ ಅಂಟಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಭಾವ ಹೇಗಾದಾರು? ಊರಿನ ಒಬ್ಬ ಹೆಸರುವಾಸಿ ಡಾಕ್ಟರರ ದವಾಖಾನೆಯ ಬಾಗಿಲ ಪಕ್ಕದಲ್ಲೂ ಒಂದು ಅಂಟಿಸಿಬಿಟ್ಟರು. ಒಳಗೆ ಹೋಗುವ ರೋಗಿಗಳು ನಿಂತು ಓದುವುದು, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು, ಮೆಲ್ಲಗೆ ಮನೆ ದಾರಿ ಹಿಡಿಯುವುದು!

ಡಾಕ್ಟರರು ಪೊಲೀಸಿಗೆ ಹೇಳಿಕಳಿಸಿದರು. ಮರುದಿನ ದಫೇದಾರರು ಚೀಟಿಯನ್ನು ಸುರುಳಿ ಸುತ್ತಿ ಹಿಡಿದು ನಮ್ಮ ಶಾಲೆಯ ಮೇಷ್ಟ್ರುಗಳ ಕೋಣೆಗೇ ಬಂದರು.

"ಮೇಷ್ಟ್ರೇ, ಈ ಅಕ್ಷರ ನಿಮ್ದಲ್ಲೇನ್ರಿ? ನಮ್ಮ ಹುಡುಗನ ಕಾಪಿ ಪುಸ್ತಕದಾಗೆ ದಿನಾ ನೋಡ್ತೀನಿ. ಯಾರು ಸತ್ತಿದ್ದು?"

"ಇನ್ನೂ ಯಾರೂ ಸತ್ತಿಲ್ರಿ."

"ಮತ್ತೆ?"

"ಮುಂದಿನ ಭಾನುವಾರ ಸಾಯ್ತಾರೆ."

ದಫೇದಾರರು ಟೋಪಿ ತೆಗೆದು ಕುರ್ಚಿ ಎಳೆದುಕೊಂಡು ಕೂತರು. "ಕೊಲ್ಲೋರು ಯಾರು?"

"ಅದನ್ನ ಈಗ್ಲೇ ಹೇಳಂಗಿಲ್ರಿ. ಟಿಕೆಟ್ ತಗಂಡು ಬಂದು ನೋಡ್ಬೇಕು."

ನಾಟಕದ ವಿಷಯ ಬಿಡಿಸಿ ಹೇಳುವ ಹೊತ್ತಿಗೆ ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಅವರು ನನ್ನನ್ನು ಬೈಯಲಿಲ್ಲ. ಮುಖ ನೋಡಿ, "ಊಟ ನಿದ್ದಿ ಸರಿಯಾಗಿ ಮಾಡ್ತಾ ಇದ್ದೀರೇನ್ರಿ?" ಎಂದು ಮಾತ್ರ ಕೇಳಿದರು. ಮಾಡುತ್ತಿರಲಿಲ್ಲ.

ಎರಡನೆಯ ಹಂತ ಹ್ಯಾಂಡ್‌ಬಿಲ್. ಇದನ್ನು ಅಚ್ಚು ಹಾಕಿಸಲು ಭಾವ ಒಪ್ಪಿದ್ದೇ ನನ್ನ ಪುಣ್ಯ ಎಂದುಕೊಂಡೆ. ಒಕ್ಕಣೆ ಬರೆದು, ತಿದ್ದಿ, ಕೈ ತೊಳೆದುಕೊಂಡೆ. ಆದರೆ ಪ್ರೆಸ್ಸಿಗೆ ಹೋದ ಭಾವ ಅಲ್ಲಿ ನಿಂತ ನಿಲುವಿನಲ್ಲೇ ಒಂದಿಷ್ಟು ಸೇರಿಸಿದರು. ಬಿಲ್ಲು ಅಚ್ಚಾಗಿ ಬಂತು. ಪಾತ್ರಗಳ ಪಟ್ಟಿ ಓದಿದೆ. 'ಸಾಹುಕಾರ, ಸಾಹುಕಾರನ ಮಗಳು, ಪತ್ತೇದಾರ, ವಕೀಲ (ಇವನೇ ಕೊಲೆಗಾರ)!'

"ಭಾವ! ಏನು ಮಾಡಿದಿರಿ ಇದು?"

"ಯಾಕ? ಕಾಗುಣಿತ ತಪ್ಪೈತೇನು?"

"ಕೊಂದವನು ಯಾರು ಅಂತ ನೀವೇ ಹೇಳಿಬಿಟ್ಟರೆ ನಾಟಕ ಯಾರು ನೋಡ್ತಾರೆ?"

"ಜನಕ್ಕೆ ಮೋಸ ಮಾಡಬಾರ್ದು ಮೇಷ್ಟ್ರೇ. ಹೋಟ್ಲಿನೋರು ಬೋರ್ಡ್ ಮ್ಯಾಲೆ 'ಮಸಾಲಿ ದ್ವಾಸಿ' ಅಂತ ಬರೀತಾರೋ, 'ಏನೋ ಐತೆ ಒಳಗೆ ಬರ್ರಿ' ಅಂತ ಬರೀತಾರೋ?"

ಮಾಲೀಕರು ಬಿಲ್ಲು ನೋಡಿ ಅಲ್ಲೇ ಕುಸಿದು ಕೂತರು. ಮತ್ತೆ ಅಚ್ಚು ಹಾಕಿಸುವ ಶಕ್ತಿ ಯಾರಿಗೂ ಇರಲಿಲ್ಲ. ಭಟ್ಟಿಯ ಮಸಿಗೆ ಗೋಂದು ಕಲೆಸಿ, ಕಡ್ಡಿಗೆ ಹತ್ತಿ ಸುತ್ತಿ, ಆ ಎರಡು ಶಬ್ದಗಳ ಮೇಲೆ ಬಳಿಯುತ್ತಾ ಕೂತೆವು: ನಾನು, ಅಕ್ಕ, ಮಾಲೀಕರು, ಕಂಪನಿಯ ನಾಯಕಿ ಮತ್ತು ಸ್ವತಃ ಆ ವಕೀಲ! ಎರಡು ದಿನ ನನ್ನ ಅನ್ನವೂ ಕಪ್ಪಾಗಿತ್ತು. ಬೆನ್ನು ಬಗ್ಗಿದ್ದು ನೆಟ್ಟಗಾಗುವ ಮೊದಲೇ ಸುದ್ದಿ ಬಂತು. ಹಾಸ್ಟೆಲಿನ ಹುಡುಗರು ಬಿಲ್ಲನ್ನು ಬಿಸಿಲಿಗೆ ಹಿಡಿದು ಮಸಿಯ ಕೆಳಗಿನದನ್ನು ಓದಿಬಿಟ್ಟಿದ್ದಾರೆ!

ಮುಗಿಯಿತು ಎಂದುಕೊಂಡೆ. ಆದರೆ ಕಾಲೇಜು ಹುಡುಗರ ಬುದ್ಧಿಯನ್ನು ಬಲ್ಲವರು ಯಾರು? ಅರ್ಧ ಹಾಸ್ಟೆಲು 'ವಕೀಲನೇ' ಎಂದಿತು. ಇನ್ನರ್ಧ 'ಇಷ್ಟು ಸಲೀಸಾಗಿ ಓದೋ ಹಂಗೆ ಮಸಿ ಬಳೀತಾರೇನು? ಇದು ಬೇಕಂತ ಮಾಡಿದ್ದು, ಕೊಲೆಗಾರ ಬೇರೆ ಅದಾನೆ' ಎಂದಿತು. ಪಂಥ ಬಿತ್ತು, ಜಗಳವಾಯಿತು, ಖಾರ ಮಂಡಕ್ಕಿಯ ಅಂಗಡಿಗಳಲ್ಲೆಲ್ಲ ಇದೇ ಮಾತು. ಎರಡು ಪಕ್ಷದವರೂ ನಾಟಕ ನೋಡಲೇಬೇಕು ಎಂದಾಯಿತು. ಭಾವ ಮೀಸೆ ತಿರುವಿದರು. "ನೋಡಿದ್ರ್ಯಾ ನನ್ನ ಪಿಲಾನು?"

ನಾನು ಬೆರಳಿನ ಮಸಿ ತಿಕ್ಕುತ್ತಾ ಕೂತಿದ್ದೆ.

ಹರಿಹರದ ಪ್ರಯಾಣವನ್ನು ನೆನೆದರೆ ಇನ್ನೂ ಸುಸ್ತು. ಭಾವ ಹುಲ್ಲು ತುಂಬಿ ಒಂದು ಹೆಣ ಮಾಡಿಸಿದ್ದರು. ಅದಕ್ಕೆ ನನ್ನ ಹಳೆಯ ಕೋಟು, ಎದೆಯಲ್ಲಿ ಮರದ ಚಾಕು, ಮೇಲೊಂದು ಬಿಳಿ ಪಂಚೆ. ಇದನ್ನು ಜಟಕಾದ ಮೇಲೆ ಮಲಗಿಸಿ ಹರಿಹರದ ಬೀದಿಗಳಲ್ಲಿ ಮೆರೆಸಿ, 'ಕೊಂದವರು ಯಾರು?' ಎಂದು ಕೂಗುವುದು ಮೂರನೆಯ ಹಂತ. ಹೆಣವನ್ನು ಬಸ್ಸಿಗೆ ಹತ್ತಿಸುವಾಗಲೇ ಕಂಡಕ್ಟರು ಅಡ್ಡ ನಿಂತ.

"ಹೆಣ ಒಯ್ಯಂಗಿಲ್ರಿ ಬಸ್ನಾಗೆ."

"ಹೆಣ ಅಲ್ಲಪ್ಪಾ, ಹುಲ್ಲು" ಎಂದರು ಭಾವ.

"ಹುಲ್ಲಾದ್ರೆ ಟಾಪ್ ಮ್ಯಾಲೆ ಹಾಕ್ರಿ."

"ಟಾಪ್ ಮ್ಯಾಲೆ ಹಾಕಿದ್ರೆ ಮರ್ಯಾದಿ ಏನು ಉಳೀತತೆ? ಸಾಹುಕಾರ ಅವನು!"

ಕಡೆಗೆ ಸಾಹುಕಾರ ಸೀಟಿನಲ್ಲಿ ಕೂತ. ನಾನು ದಾರಿಯುದ್ದಕ್ಕೂ ನಿಂತು ಹೋದೆ.

ಹರಿಹರದ ಜಟಕಾ ಸಾಬರು ಪಂಚೆ ಸರಿಸಿ ನೋಡಿ ಮೂರು ಹೆಜ್ಜೆ ಹಿಂದೆ ಹೋದರು. "ತೌಬಾ! ನನ್ನ ಕುದ್ರಿ ಬಾಳ ನಾಜೂಕು ಸ್ವಾಮಿ, ಹೆದ್ರಿ ಹೊಳಿಗೆ ಹಾರ್ತತೆ." ಹುಲ್ಲು ಎಂದು ತೋರಿಸಿದ ಮೇಲೆ ಕುದುರೆಗೆ ಹೆದರಿಕೆ ಹೋಯಿತು, ಹಸಿವು ಬಂತು. ತಿರುವಿನಲ್ಲೆಲ್ಲ ಅದು ಕತ್ತು ಹಿಂದಕ್ಕೆ ತಿರುಗಿಸಿ ಸಾಹುಕಾರನ ಕಾಲಿಗೆ ಬಾಯಿ ಹಾಕಲು ನೋಡುತ್ತಿತ್ತು. ಭಾವ ಕೂಗುತ್ತಿದ್ದರು. ಆದರೆ ದಾವಣಗೆರೆಯಲ್ಲೇ ಕೂಗಿ ಕೂಗಿ ಅವರ ಗಂಟಲು ಕಟ್ಟಿದ್ದರಿಂದ ಕೇಳುವವರಿಗೆ ಅದು ಅಳುವಿನಂತೆಯೇ ಕೇಳುತ್ತಿತ್ತು. ಜನ ಚಪ್ಪಲಿ ಬಿಟ್ಟು ಕೈ ಮುಗಿದರು. ಒಬ್ಬ ಮುದುಕಿ ನನ್ನ ಬೆನ್ನು ಸವರಿ, "ಅಳಬ್ಯಾಡಪ್ಪಾ, ನಿಮ್ಮಪ್ಪನೇನು?" ಎಂದಳು. ನನ್ನ ಮುಖದ ದಣಿವು ಅವಳಿಗೆ ಪಿತೃಶೋಕವಾಗಿ ಕಂಡಿತ್ತು! ನೋಡನೋಡುತ್ತ ಹಿಂದೆ ಒಂದು ಮೆರವಣಿಗೆಯೇ ಸೇರಿತು. ಯಾರೋ ಮಂಡಕ್ಕಿ ತಂದು ಹೆಣದ ಮೇಲೆ ತೂರಿದರು. ಭಾವನ ಹೆಗಲ ಮೇಲೂ ನಾಲ್ಕು ಕಾಳು ಬಿದ್ದವು. ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ನನ್ನ ಕಿವಿಯಲ್ಲಿ ಹೆಮ್ಮೆಯಿಂದ ಹೇಳಿದರು: "ನಮ್ಮ ಭಟ್ಟೀದೇ!"

ಅಂತೂ ಭಾನುವಾರ ಬಂತು. ಹುಡುಗರು ಕತ್ತಲಾಗುವ ಮೊದಲು ಹಾಸ್ಟೆಲಿನೊಳಗೆ ಇರಬೇಕು ಎಂದು ಭಾವ ಹಟ ಹಿಡಿದು ಆಟವನ್ನು ಮಧ್ಯಾಹ್ನಕ್ಕೆ ಇಡಿಸಿದ್ದರು. ತಗಡಿನ ಥಿಯೇಟರು ಬೆಂಕಿಯಂತೆ ಕಾದಿತ್ತು. ಆದರೂ ಮುಂದಿನ ಬೆಂಚುಗಳ ತುಂಬ ಹುಡುಗರು. ಶಿಳ್ಳೆ, ಕೂಗು. 'ವಕೀಲ! ವಕೀಲ!' ಎಂದು ಒಂದು ಪಕ್ಷ, 'ಅಲ್ಲ! ಅಲ್ಲ!' ಎಂದು ಇನ್ನೊಂದು. ದಫೇದಾರರೂ ಟಿಕೆಟ್ ತೆಗೆದುಕೊಂಡೇ ಬಂದಿದ್ದರು. ಗೆದ್ದೆವು ಎಂದು ಉಸಿರುಬಿಟ್ಟು ಹಿಂದಕ್ಕೆ ತಿರುಗಿದವನು ದಂಗಾದೆ. ಹಿಂದಿನ ಸಾಲುಗಳ ತುಂಬ ಮುದುಕರು! ರುಮಾಲು ಸುತ್ತಿದವರು, ಕೋಲು ಹಿಡಿದವರು, ಮೊಮ್ಮಕ್ಕಳ ಕೈ ಹಿಡಿದು ಬಂದವರು. ಪತ್ತೇದಾರಿ ನಾಟಕಕ್ಕೆ ಇವರನ್ನು ಯಾರು ಕರೆದರು? ನಮ್ಮ ಯಾವ ಬಿಲ್ಲೂ ಅವರ ಕೈ ಸೇರಿರಲಿಲ್ಲ.

ಅಷ್ಟರಲ್ಲಿ ಪರದೆ ಎದ್ದಿತು. ಆರಾಮ ಕುರ್ಚಿಯಲ್ಲಿ ಸಾಹುಕಾರನ ಹೆಣ. ಎದೆಯಲ್ಲಿ ಚಾಕು, ಅಂಗಿಯ ಮೇಲೆ ಕುಂಕುಮದ ನೀರು.

ಹಿಂದಿನ ಸಾಲಿನಲ್ಲಿ ಗುಜುಗುಜು ಎದ್ದಿತು. ಒಬ್ಬ ಮುದುಕರು ಕೋಲೂರಿ ಎದ್ದು ನಿಂತರು. "ಅವ್ರೇ! ಅವ್ರೇ ಕಣ್ರೋ!"

ಆಗ ನಾನೂ ಕಣ್ಣು ಕಿರಿದು ಮಾಡಿ ನೋಡಿದೆ. ಒಂದು ಕಾಲದಲ್ಲಿ ಈ ಸೀಮೆಯನ್ನೆಲ್ಲ ಹಾಡಿನಿಂದ ಹುಚ್ಚು ಹಿಡಿಸಿದ್ದ ನಟರು. ಕಾಯಿಲೆ ಬಿದ್ದು ಗಂಟಲು ಹೋದ ಮೇಲೆ ಅವರನ್ನು ರಂಗದ ಮೇಲೆ ಯಾರೂ ಕಂಡಿರಲಿಲ್ಲ. ಕಂಪನಿಯಲ್ಲೇ ಇದ್ದರಂತೆ, ಪರದೆಯ ಹಿಂದೆ ಕೂತು ಬೇರೆಯವರಿಗೆ ಮೀಸೆ ಬರೆಯುತ್ತಿದ್ದರಂತೆ.

ಪಕ್ಕದಲ್ಲಿ ನಿಂತಿದ್ದ ಮಾಲೀಕರು ಮೆಲ್ಲಗೆ ಹೇಳಿದರು: "ಇವ್ರಿಗಂತ ಮಾತಿಲ್ಲದ ಪಾತ್ರ ಇರೋ ಆಟ ಬರೆಸ್ರಿ ಅಂತ ನಿಮ್ಮ ಭಾವ ನನ್ನ ಬೆನ್ನು ಬಿದ್ದಿದ್ರು ಮೇಷ್ಟ್ರೇ. ಹೆಣಕ್ಕೆ ಮಾತು ಬೇಕಿಲ್ಲಲ್ಲ ಅಂದ್ರು. ಈ ಮಂದೀನ ಕರೆಸಿದ್ದೂ ಅವ್ರೇ. ಲೋಕಿಕೆರೆ, ನಂದಿಗುಡಿ, ಸುತ್ತಲ ಹಳ್ಳಿಗೆಲ್ಲ ಒಬ್ರೇ ಹೋಗಿ ಹೇಳಿ ಬಂದಾರೆ."

ನನ್ನನ್ನು ಎಲ್ಲೆಲ್ಲಿಗೋ ಎಳೆದಾಡಿದ ಭಾವ ಇದೊಂದು ಪ್ರಚಾರಕ್ಕೆ ಮಾತ್ರ ನನ್ನನ್ನು ಕರೆದಿರಲಿಲ್ಲ.

"ಒನ್ಸ್ ಮೋರ್!" ಎಂದು ಹಿಂದಿನಿಂದ ಒಂದು ದನಿ ಬಂತು. ಆಮೇಲೆ ಹತ್ತು, ಆಮೇಲೆ ಇಡೀ ಹಿಂಭಾಗ. ಪತ್ತೇದಾರ ಭೂತಗನ್ನಡಿ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತ. ಹೆಣಕ್ಕೆ ಒನ್ಸ್ ಮೋರ್ ಕೊಡುವುದು ಹೇಗೆ? ಮುಂದಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಣ ಒಂದು ಕ್ಷಣ ಹಾಗೇ ಇತ್ತು. ಮೆಲ್ಲಗೆ ಕಣ್ಣು ತೆರೆಯಿತು. ಕುರ್ಚಿಯ ತೋಳು ಹಿಡಿದು ಎದ್ದು, ಎದೆಯ ಚಾಕು ಬೀಳದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈ ಎತ್ತಿ ಹಣೆಗೆ ಮುಟ್ಟಿಸಿ ಜನಕ್ಕೆ ನಮಸ್ಕಾರ ಮಾಡಿತು. ಹುಡುಗರ ನಗು ನಿಂತಿತು. ಏನು ನಡೆಯುತ್ತಿದೆ ಎಂದು ತಿಳಿಯದೆಯೇ ಅವರೂ ಎದ್ದು ಚಪ್ಪಾಳೆ ತಟ್ಟತೊಡಗಿದರು. ತಗಡು ನಡುಗಿತು. ಆಮೇಲೆ ಅವರು ಮತ್ತೆ ಕೂತು, ಕತ್ತನ್ನು ಒಂದು ಕಡೆ ವಾಲಿಸಿ, ಕೈಯನ್ನು ಕುರ್ಚಿಯಿಂದ ನಿಧಾನವಾಗಿ ಜಾರಿಬಿಟ್ಟು ಇನ್ನೊಮ್ಮೆ ಸತ್ತರು.

ವಕೀಲನೇ ಸಿಕ್ಕಿಬಿದ್ದು ಆಟ ಮುಗಿದ ಮೇಲೆ ಭಾವನನ್ನು ಹುಡುಕಿಕೊಂಡು ಪರದೆಯ ಹಿಂದೆ ಹೋದೆ. ಹಿರಿಯ ನಟರು ಒಂದು ಟ್ರಂಕಿನ ಮೇಲೆ ಅಂಗಿ ಬಿಚ್ಚಿ ಕೂತಿದ್ದರು. ಭಾವ ಅವರ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಹೆಗಲ ಟವೆಲ್ಲಿನ ತುದಿಯಿಂದ ಅವರ ಎದೆಯ ಮೇಲಿನ ಕೆಂಪನ್ನು ಒರೆಸುತ್ತಿದ್ದರು.

"ಎರಡ್ನೇ ಸಲ ಸತ್ತಿದ್ದು ಹೆಂಗಿತ್ತಪ್ಪಾ?" ಎಂದು ನಟರು ಕೇಳಿದರು. ಗಾಳಿ ಹೊರಟಂಥ ದನಿ. "ಕೈ ಬಿಟ್ಟಿದ್ದು ವಸಿ ಜಾಸ್ತಿ ಆಯ್ತೇನೋ."

ಭಾವ ತಲೆ ತಗ್ಗಿಸಿಕೊಂಡು, ಒರೆಸಿದ್ದ ಜಾಗವನ್ನೇ ಮತ್ತೆ ಮತ್ತೆ ಒರೆಸಿದರು.

ಟವೆಲು ಒಣಗಿತ್ತು. ನಾನು ಮೂಲೆಯಲ್ಲಿದ್ದ ಚೊಂಬು ತಂದು ಭಾವನ ಪಕ್ಕದಲ್ಲಿ ಕೂತು, ಅವರ ಕೈಯ ಟವೆಲ್ಲಿನ ಮೇಲೆ ನಿಧಾನವಾಗಿ ನೀರು ಬಗ್ಗಿಸಿದೆ.