ದೇವೀರಪ್ಪನವರನ್ನು ಕೊಂದ ಮಹನೀಯರಿಗೆ

ಮಾನ್ಯರೇ,

ಅನೇಕ ನಮಸ್ಕಾರಗಳು. ತಮ್ಮ ಹೆಸರಾಗಲಿ ವಿಳಾಸವಾಗಲಿ ಪೊಲೀಸಿನವರಿಗೇ ತಿಳಿಯದ ಕಾರಣ ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿದೆ, ಮನ್ನಿಸಬೇಕು. ತಮಗೆ ಈಗ ಎಂಬತ್ತರ ಆಸುಪಾಸು ಇರಬೇಕು. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳಿಂದ ಓದಿಸಿಕೊಳ್ಳಬೇಕೆಂದು ಕೋರುತ್ತೇನೆ.

ಮೊದಲನೆಯ ಮಹಾಯುದ್ಧಕ್ಕೂ ಮುಂಚೆ ತಾವು ಒಂದು ಮಧ್ಯಾಹ್ನ ಅರಸೀಕೆರೆಯ ಮನೆಯೊಂದಕ್ಕೆ ದಯಮಾಡಿಸಿ, ಕೊಬ್ಬರಿ ವರ್ತಕ ದೇವೀರಪ್ಪನವರನ್ನು ಅಟ್ಟದ ಏಣಿಯ ಬುಡದಲ್ಲಿ ಮುಗಿಸಿ ಹೋದಿರಲ್ಲ, ನಾನು ಆ ಮನೆಯ ಈಗಿನ ಬಾಡಿಗೆದಾರಳು. ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಸುತ್ತಲ ಹಳ್ಳಿಗಳ ಜಾಣ ಹುಡುಗಿಯರು ಪಟ್ಟಣದಲ್ಲಿ ಉಳಿದುಕೊಳ್ಳಲು ಜಾಗವಿಲ್ಲವೆಂಬ ಒಂದೇ ಕಾರಣಕ್ಕೆ ಓದು ಬಿಟ್ಟು ಒಲೆ ಮುಂದೆ ಕೂರುವುದನ್ನು ನೋಡಲಾರದೆ ಈ ಮನೆಯಲ್ಲಿ ಅವರಿಗೊಂದು ಹಾಸ್ಟೆಲ್ ತೆರೆದಿದ್ದೇನೆ. ಜೂನ್‌ನಲ್ಲಿ ಶಾಲೆ ಶುರು. ಚಾಪೆ, ಲಾಟೀನು, ಅಡಿಗೆಗೆ ಮಹದೇವಮ್ಮ, ಎಲ್ಲ ಸಿದ್ಧ. ಹುಡುಗಿಯರು ಮಾತ್ರ ಒಬ್ಬರೂ ಬಂದಿಲ್ಲ. ಕಾರಣ, ತಾವು.

ತಮ್ಮ ಕೆಲಸದ ಅಚ್ಚುಕಟ್ಟಿನ ಬಗ್ಗೆ ಎರಡು ಮಾತಿಲ್ಲ. ಈ ಊರಿನಲ್ಲಿ ಹಿಡಿದದ್ದನ್ನು ಅಷ್ಟು ನಿಶ್ಶಬ್ದವಾಗಿ ಪೂರೈಸಿದವರು ಇನ್ನೊಬ್ಬರಿಲ್ಲ. ಆದರೆ ತಾವು ಸಿಕ್ಕಿಬಿದ್ದಿದ್ದರೆ ದೇವೀರಪ್ಪನವರು ಗೋಡೆಯ ಮೇಲೊಂದು ಪಟವಾಗಿ ಸುಮ್ಮನಿರುತ್ತಿದ್ದರು. ಸಿಕ್ಕಿಬೀಳದ ಕಾರಣ ಅಟ್ಟದಲ್ಲಿ ಕೂತು ಕಾಯಿ ಎಣಿಸುತ್ತಿದ್ದಾರಂತೆ.

ಈ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಅಲುಗಾಡುವವರೆಗೆ ತಿಂಗಳುಗಟ್ಟಲೆ ಬಿಡುವುದು ತಮಗೆ ತಿಳಿದೇ ಇದೆ. ಮಾಲೀಕರಾದ ಚನ್ನಬಸವಯ್ಯನವರು ಈಗಲೂ ನಮ್ಮ ಅಟ್ಟಕ್ಕೆ ಕಾಯಿ ಹಾಕುತ್ತಾರೆ. ಇಲಿ ಓಡುತ್ತದೆ, ಕಾಯಿ ಉರುಳುತ್ತದೆ, ಗಡಗಡ ಎನ್ನುತ್ತದೆ. ಅರ್ಧ ಊರು ಈ ಸದ್ದಿನ ಕೆಳಗೇ ಗೊರಕೆ ಹೊಡೆಯುತ್ತದೆ. ಎದುರುಮನೆಯ ಸುವರ್ಣಮ್ಮನವರ ಅಟ್ಟದಲ್ಲಾದರೆ ಅದು ಇಲಿ, ನಮ್ಮಲ್ಲಾದರೆ ದೇವೀರಪ್ಪನವರು. ಬೋನು ಇಡಿಸಿ ಎಂದು ಕೇಳಿದ್ದಕ್ಕೆ ಚನ್ನಬಸವಯ್ಯನವರು ಕೈಮುಗಿದು, "ಅದ್ರೊಳಗೆ ನಮ್ ದೊಡ್ಡಪ್ಪನೇ ಬಿದ್ಬುಟ್ರೆ ಏನ್ ಗತಿ ಅಮ್ಮಾವ್ರೇ?" ಎಂದರು.

ಸಂಜೆ ನಾನು ಗಟ್ಟಿಯಾಗಿ ಷಟ್ಪದಿ ಓದಿಕೊಂಡರೆ ಅದು ಪ್ರೇತದ ನರಳಾಟವೆಂದು ಬೀದಿಯಲ್ಲಿ ತೀರ್ಮಾನವಾಗಿದೆ. ನನ್ನ ಕಾವ್ಯವಾಚನಕ್ಕೆ ಇಷ್ಟು ನಿಷ್ಠುರವಾದ ವಿಮರ್ಶೆ ಹಿಂದೆ ಬಂದಿರಲಿಲ್ಲ. ರೈಲಿಳಿದು ಬೇಲೂರಿನ ಬಸ್ಸಿಗೆ ಹೋಗುವ ಯಾತ್ರಿಕರನ್ನು ಜಟಕಾದವರು ಬೇಕೆಂದೇ ಈ ಬೀದಿಯಲ್ಲಿ ಕರೆತಂದು, "ಅಗೋ ಸ್ವಾಮಿ, ಅದೇ ಕಿಟ್ಕಿ, ಕೂದ್ಲು ಕೆದರ್ಕಂಡು ಕುಂತೈತೆ ನೋಡಿ" ಎಂದು ತೋರಿಸುತ್ತಾರೆ. ಹಾಗೆ ಕೂತು ತಲೆ ಒಣಗಿಸಿಕೊಳ್ಳುತ್ತಿರುವವಳು ನಾನು.

ತಮ್ಮ ಕೀರ್ತಿಗಾಗಿ ನಡೆದಿರುವ ಪೈಪೋಟಿಯನ್ನು ತಾವು ಕೇಳಬೇಕು. ಊರಿನ ಪ್ರತಿಯೊಂದು ದೊಡ್ಡ ಮನೆಗೂ ತನ್ನದೇ ಒಬ್ಬ ಗುಮಾನಿಯ ತಾತನಿದ್ದಾನೆ. "ನಮ್ ಮಾವನೋರ್ನ ರಾತ್ರಿಯೆಲ್ಲ ಠಾಣೇಲಿ ಕೂರ್ಸಿದ್ರು ಕಣ್ರೀ, ಆ ಮಂಡಿಯೋರ ಅಜ್ಜನ್ನ ಸಂಜೆಗೇ ಬಿಟ್ಬುಟ್ರು" ಎನ್ನುವಾಗ ಸುವರ್ಣಮ್ಮನವರ ಮುಖ ನೋಡಬೇಕು, ಮನೆತನಕ್ಕೆ ಬಿರುದು ಬಂದಂತಿರುತ್ತದೆ.

ಸತ್ತವರಿಗೆ ಇಷ್ಟು ಹೆದರುವ ಊರು ಕೊಂದವರಿಗೆ ಹೆದರಿದ್ದನ್ನು ಮಾತ್ರ ನಾನು ಕಂಡಿಲ್ಲ. ತಾವು ಮದುವೆಯೂಟಗಳಲ್ಲಿ ಎರಡನೆಯ ಸಲ ಪಾಯಸ ಹಾಕಿಸಿಕೊಂಡಿದ್ದೀರಿ, ಮಾಲೇಕಲ್ಲಿನ ಬೆಟ್ಟ ಹತ್ತಿ ಪ್ರಸಾದ ತಂದಿದ್ದೀರಿ, ಸಂತೆಯಲ್ಲಿ ನನಗೇ ಮರ್ಯಾದೆಯಿಂದ ದಾರಿ ಬಿಟ್ಟಿರಲೂಬಹುದು.

ಆದ್ದರಿಂದ ತಾವು ಒಂದು ಭಾನುವಾರ ಬಿಡುವು ಮಾಡಿಕೊಂಡು ಬಂದು, ಹುಡುಗಿಯರ ತಂದೆತಾಯಿಯರ ಎದುರಿಗೆ ತಪ್ಪೊಪ್ಪಿಕೊಂಡು ಹಾಸ್ಟೆಲನ್ನು ಉದ್ಘಾಟಿಸಬೇಕೆಂದು ಪ್ರಾರ್ಥನೆ. ಉಪ್ಪಿಟ್ಟು, ಕಾಫಿಯ ವ್ಯವಸ್ಥೆ ಇರುತ್ತದೆ. ಒಂದು ವೇಳೆ ತಾವೂ ತೀರಿಕೊಂಡಿದ್ದರೆ, ಅಟ್ಟದ ಕೆಲಸವನ್ನು ತಾವೇ ವಹಿಸಿಕೊಂಡು ದೇವೀರಪ್ಪನವರನ್ನು ಬಿಡುಗಡೆ ಮಾಡಬೇಕು. ಕೊಂದವರು ಹಾಯಾಗಿ ಮಲಗಿ, ಸತ್ತವರು ರಜೆಯಿಲ್ಲದೆ ರಾತ್ರಿಪಾಳಿ ಮಾಡುವುದು ಯಾವ ನ್ಯಾಯ?

ತಮ್ಮ ಕೈಗೆ ಇನ್ನೂ ಸಿಗದ ವಿಶ್ವಾಸಿ,
ವೇದವಲ್ಲಿ, ಎಂ.ಎ.
ಅರಸೀಕೆರೆ, ಮೇ 1958

ತಾಜಾಕಲಂ: ಇದನ್ನು ಅಚ್ಚಿಗೆ ಕೊಡುವಷ್ಟರಲ್ಲಿ ಹಳ್ಳಿಯಿಂದ ಕಲ್ಲೇಶಪ್ಪ ಎಂಬವರು ಮಗಳನ್ನು ಟ್ರಂಕಿನ ಸಮೇತ ಕರೆತಂದರು. ಮನೆಯ ಸಂಗತಿ ನಾನೇ ಮುಚ್ಚಿಡದೆ ಹೇಳಿದೆ. "ಅದ್ಕೇ ಬಂದಿದ್ದು ಕಣವ್ವಾ. ಈ ದೆವ್ವದ ದೆಸೆಯಿಂದ ಕತ್ಲಾದ್ಮ್ಯಾಕೆ ಪೋಲಿ ಹೈಕ್ಳು ಈ ಬೀದಿಗೇ ಕಾಲಿಡಕ್ಕಿಲ್ವಂತಲ್ಲ, ದಿಟವಾ?" ಎಂದು ಕೇಳಿದರು. ದಿಟ ಎಂದೆ. "ಹಂಗಾರೆ ನಮ್ ಗಂಗೆ ಇಲ್ಲೇ ಇರ್ಲಿ. ನಮ್ಮೂರ ಮಿಕ್ಕ ಹೆಣ್ಮಕ್ಳನ್ನೂ ನಾಳೆ ಕರ್ಕಂಡ್ ಬತ್ತೀನಿ" ಎಂದು ಬಸ್ಸಿಗೆ ಹೋದರು. ಆದಕಾರಣ ಮೇಲಿನ ಕೋರಿಕೆಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ಈ ಹುಡುಗಿಯರು ಎಸ್.ಎಸ್.ಎಲ್.ಸಿ. ಮುಗಿಸುವವರೆಗೆ ತಾವು ಯಾರ ಮುಂದೆಯೂ ಏನನ್ನೂ ಒಪ್ಪಿಕೊಳ್ಳಕೂಡದು. ಹೆಣ್ಣು ಹೆತ್ತವರು ಪೂರ್ತಿ ನಂಬುವ ಗಂಡಸು ಈ ಊರಿಗೆಲ್ಲ ಒಬ್ಬರೇ ಇದ್ದಾರೆ, ಅವರನ್ನು ಆ ಸ್ಥಿತಿಗೆ ತಂದವರು ತಾವು.