ಎಚ್ಚರವಾಗಿರಲು ಕತ್ತು ತಿರುಗಿಸಿದ್ದು

ಹೊಟ್ಟೆಗೆ ಮುದ್ದೆ ಇಳಿದ ಮೇಲೆ ಕಣ್ಣಿನ ಮೇಲೆ ಮನುಷ್ಯನ ಅಧಿಕಾರ ನಡೆಯುವುದಿಲ್ಲ ಎಂಬುದು ನನ್ನ ದೃಢ ನಂಬಿಕೆ. ಕುಣಿಗಲ್ಲಿನ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಮಧ್ಯಾಹ್ನ ಎರಡೂವರೆಯಾದರೆ ಸಾಕು, ಎದುರಿಗಿರುವ ಫೈಲು ದಿಂಬಿನಂತೆ ಕಾಣುತ್ತದೆ. ಹೀಗೆ ಎರಡು ಸಲ ಸಾಹೇಬರ ಕಣ್ಣಿಗೆ ಬಿದ್ದಿದ್ದೆ. ಮೂರನೆಯ ಸಲಕ್ಕೆ ನೋಟಿಸು ಎಂದಿದ್ದರು.

ಪಕ್ಕದ ಮೇಜಿನ ಸಾವಿತ್ರಮ್ಮನವರಿಗೆ ಕರುಣೆ ಹುಟ್ಟಿತು. "ಕೂತಲ್ಲೇ ಮೈ ಆಡಿಸ್ತಾ ಇರಿ ಸಾರ್. ಹಿಮ್ಮಡಿ ಎತ್ತಿ ಇಳ್ಸಿ, ಹೆಗಲು ತಿರುಗ್ಸಿ, ಕತ್ತು ಎಡಕ್ಕೂ ಬಲಕ್ಕೂ ಹೊರಳ್ಸಿ. ನಿದ್ದೆ ಹತ್ರ ಸುಳಿಯಲ್ಲ" ಎಂದರು. ಮಾಡಿದೆ. ಏನು ಹೇಳಲಿ, ಒಂದೇ ವಾರದಲ್ಲಿ ಹೊಸ ಮನುಷ್ಯನಾದೆ! ಮೇಜಿನ ಕೆಳಗೆ ನನ್ನ ಕಾಲುಗಳು ಹೊಲಿಗೆ ಯಂತ್ರ ತುಳಿದಂತೆ ಕುಣಿಯುತ್ತಿದ್ದವು. ನಮ್ಮೂರ ಕುದುರೆ ಫಾರಂನ ಮರಿಗಳಿಗೂ ಅಷ್ಟು ಹುರುಪಿರಲಾರದು.

ಆ ಹುರುಪಿನಲ್ಲೇ ಅನಾಹುತವಾಯಿತು. ಅಮೃತೂರಿನ ಪುಟ್ಟಮ್ಮ ಎಂಬ ಅಜ್ಜಿ, ತೀರಿಕೊಂಡ ಗಂಡನ ತೆಂಗಿನ ತೋಟವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆದವಳು, ಅಂದು ಬಂದು "ನನ್ ಪತ್ರ ಆಯ್ತಾ ಸ್ವಾಮಿ?" ಎಂದು ಕೇಳಿದಳಂತೆ. ನಾನು ಕಣ್ಣು ಮುಚ್ಚಿ ಕತ್ತು ಹೊರಳಿಸುತ್ತಿದ್ದೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.

"ಸಾರ್, ಆಯಮ್ಮ ಅಳ್ತಾ ಹೋಯ್ತು! ಪತ್ರ ನಿಮ್ ಮೊಣಕೈ ಕೆಳಗೇ ಇದ್ಯಲ್ರೀ!" ಎಂದು ಸಾವಿತ್ರಮ್ಮ ಕೂಗಿದಾಗಲೇ ಕಣ್ಣು ಬಿಟ್ಟದ್ದು.

ಪತ್ರವನ್ನೂ ಸಹಿ ಪುಸ್ತಕವನ್ನೂ ಕಂಕುಳಲ್ಲಿ ಇರುಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಅಮೃತೂರಿನ ಪ್ರೈವೇಟ್ ಬಸ್ಸು ಹೊರಟೇಬಿಟ್ಟಿತ್ತು. ಬಾಗಿಲ ಕಂಬಿ ಹಿಡಿದು ನೇತಾಡುತ್ತ ಒಳಗೆ ಬಿದ್ದೆ. ಅಜ್ಜಿ ಕಿಟಕಿ ಪಕ್ಕ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಜ್ಜೀ, ನಿಮ್ ಪತ್ರ ಆಗೈತೆ!"

"ಮತ್ತೆ ಇಲ್ಲ ಅಂತ ತಲೆ ಅಲ್ಲಾಡಿಸ್ದಲ್ಲಪ್ಪಾ?"

"ಅದು... ಎಕ್ಸರ್‌ಸೈಜು ಅಜ್ಜಿ."

"ನಾವು ಬಂದಾಗ್ಲೇ ಮಾಡ್ಬೇಕಾ ಅದ?" ಎಂದು ಗದರಿದಳು. ಆದರೆ ಪತ್ರ ಕೈಗೆ ಬಂದೊಡನೆ ಅದನ್ನು ಕಣ್ಣಿಗೊತ್ತಿಕೊಂಡಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಸ್ಸು ಕುಲುಕುತ್ತಿದ್ದರೂ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಮುಂದಿನ ಸ್ಟಾಪಿನಲ್ಲಿ ಇಳಿದರಾಯಿತು ಎಂದುಕೊಂಡೆ. ಕಿಟಕಿಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು.

"ಏಳಪ್ಪಾ, ಅಮೃತೂರು ಬಂತು" ಎಂದು ಅಜ್ಜಿ ಭುಜ ತಟ್ಟಿದಾಗ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಸಾಹೇಬರು! "ಎಲ್ರೀ ಇದೀರಾ?"

"ಅಮೃತೂರಲ್ಲಿ ಸಾರ್. ಅಜ್ಜಿ ಪತ್ರ ಕೈಗೇ ಕೊಟ್ಟು ಸಹಿ ಹಾಕಿಸ್ಕಂಡೆ."

ಸಾಹೇಬರು, ಕಚೇರಿಗೆ ಇಂಥ ಚುರುಕಿನ ನೌಕರ ಒಬ್ಬನಿದ್ದರೆ ಸಾಕು ಎಂದರು. ನಾನು ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಎಲ್ಲಾ ನಿಮ್ಮ ಆಶೀರ್ವಾದ ಸಾರ್" ಎಂದೆ.